ತಾವರೆ ತೊಟ್ಟಿಯ ಕೆಂಪು ಚುಕ್ಕೆ

"ಇಳೀರಿ ಕೆಳಗೆ! ಅಮ್ಮನ ತಾವರೆ ತೊಟ್ಟಿಗೆ ಕೈ ಹಾಕೋಕೆ ಯಾರ್ರೀ ನೀವು?"

ಮಹಡಿಯ ಮೇಲೆ ಟಾರ್ಚ್ ಹಿಡಿದು ಬಗ್ಗಿದ್ದವನು ಬೆಚ್ಚಿ ನಿಂತ.

"ಆರೋಗ್ಯ ಇಲಾಖೆ ಕೀಟ ವಿಭಾಗಕ್ಕೆ ಹೊಸದಾಗಿ ಬಂದಿದೀನಿ. ಸೊಳ್ಳೆ ಮರಿ ಇದೆಯಾ ನೋಡ್ತಿದ್ದೆ..."

"ಊರಿನ ಜ್ವರದ ನಕ್ಷೆ ಮಾಡೋಳೇ ನಾನು! ನಮ್ಮನೇಲೇ ಸೊಳ್ಳೆನಾ?"

"ಸೊಳ್ಳೆಗೆ ನಕ್ಷೆ ಓದೋಕೆ ಬರಲ್ವಲ್ಲ, ಮೇಡಂ."

ನಗುತ್ತಾ ಅವನು ಇಳಿದುಹೋದ. ಆ ನಗು ಮಾತ್ರ ಅವಳ ಎದೆಯಲ್ಲೇ ಉಳಿಯಿತು...

ಕೆಲವೇ ದಿನಗಳಲ್ಲಿ ಅಮ್ಮನಿಗೆ ಡೆಂಗಿ ಜ್ವರ. ಆರೈಕೆಗೆಂದು ಅಣ್ಣ ತನ್ನ ಮನೆಗೆ ಕರೆದೊಯ್ದ.

ಕಚೇರಿಯ ಗೋಡೆಯ ನಕ್ಷೆಯಲ್ಲಿ ಒಬ್ಬೊಬ್ಬ ರೋಗಿಗೂ ಒಂದೊಂದು ಕೆಂಪು ಚುಕ್ಕೆ. ರೋಗಿ ಮಲಗಿದ ಮನೆಗಲ್ಲ, ಸೊಳ್ಳೆ ಕಚ್ಚಿರಬಹುದಾದ ಮನೆಗೆ ಅಂಟಿಸಬೇಕು. ಹಾಗೆಂದು ಎಲ್ಲರಿಗೂ ಕಲಿಸಿದವಳೇ ಅವಳು.

ಆದರೂ ಅಂದು ಬೆರಳು ತಡವರಿಸಿತು. 'ಅಷ್ಟೊಂದು ಜಂಬ ಕೊಚ್ಚಿ... ಈಗ ಅವನಿಗೆ ಹೇಗೆ ಮುಖ ತೋರಿಸಲಿ?'

ಅಮ್ಮನ ಚುಕ್ಕೆ ಅಣ್ಣನ ಬೀದಿಯಲ್ಲಿ ಕೂತಿತು.

ಚುಕ್ಕೆ ಕಂಡಲ್ಲಿಗೆ ಸೊಳ್ಳೆ ಮರಿ ಹುಡುಕುವ ತಂಡ ಹೋಯಿತು. ಅವಳ ಬೀದಿಗೆ ಯಾರೂ ಬರಲಿಲ್ಲ. ಗುಟ್ಟಾಗಿ ತೊಟ್ಟಿಯ ನೀರು ಚೆಲ್ಲಿದಳು. ಆದರೆ ಆಗಲೇ ಹಾರಿಹೋದ ಸೊಳ್ಳೆಗಳನ್ನು ಹಿಂದಕ್ಕೆ ಕರೆಯುವವರು ಯಾರು?

ಪಕ್ಕದ ಮನೆಯ ಅಜ್ಜಿ ಅದೇ ಜ್ವರದಿಂದ ಆಸ್ಪತ್ರೆ ಸೇರಿದರು. ಚಿಕ್ಕಂದಿನಲ್ಲಿ ಅವಳ ತಲೆ ಬಾಚುತ್ತಿದ್ದ ಅಜ್ಜಿ! ಅಂದು ದೇವರ ಮುಂದೆ ಕೈ ಮುಗಿದಳು. ಕಣ್ಣೆತ್ತಲು ಆಗಲಿಲ್ಲ.

ಮರುದಿನ ಸಭೆಯಲ್ಲಿ ದೊಡ್ಡ ಡಾಕ್ಟರು ಅವನ ಮೇಲೆ ಹರಿಹಾಯ್ದರು. "ಆ ಬೀದಿ ಯಾಕ್ರೀ ಬಿಟ್ರಿ?"

"ತಪ್ಪು ನಂದೇ, ಸರ್. ಒಂದು ಮನೇಲಿ ಬೈದ್ರು. ಮತ್ತೆ ಹೋಗ್ಲಿಲ್ಲ."

ಯಾರ ಮನೆ ಎಂದು ಅವನು ಬಾಯಿಬಿಡಲಿಲ್ಲ. ಅವಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

"ಅವರದ್ದಲ್ಲ, ಸರ್..." ಎದ್ದು ನಕ್ಷೆಯ ಬಳಿ ಹೋದಳು. ಅಣ್ಣನ ಬೀದಿಯ ಚುಕ್ಕೆಯನ್ನು ಕಿತ್ತು ತನ್ನ ಮನೆಯ ಮೇಲೆ ಅಂಟಿಸಿದಳು. "ಅಮ್ಮಂಗೆ ಜ್ವರ ಹತ್ತಿದ್ದು ನಮ್ಮನೇಲಿ. ಮರ್ಯಾದೆ ಹೋಗತ್ತೆ ಅಂತ... ನಾನೇ ಸುಳ್ಳು ಚುಕ್ಕೆ ಇಟ್ಟೆ."



"ನಿಮ್ಮ ವಿಚಾರ ಆಮೇಲೆ," ಎಂದರು ಡಾಕ್ಟರು. "ಮೊದಲು ತಂಡ ಹೊರಡಲಿ."

ನಕ್ಷೆಯ ಕೆಲಸ ಅವಳ ಕೈತಪ್ಪಿತು. ಆದರೆ ದೇವರು ದೊಡ್ಡವನು, ಅಜ್ಜಿ ಮನೆಗೆ ಬಂದರು. ಕಾಲು ಹಿಡಿದು ಅತ್ತವಳಿಗೆ, "ಸೊಳ್ಳೆಗೆ ನನ್ನ ವಿಳಾಸ ಕೊಟ್ಟಿದ್ದು ನೀನೇನೇ? ಸಾಕು ಎದ್ದೇಳು, ಕಾಲು ಒದ್ದೆ ಮಾಡ್ಬೇಡ," ಎಂದು ಗದರಿದರು.

ಆ ಸಂಜೆ ಮಹಡಿ ಮೆಟ್ಟಿಲ ಕೆಳಗೆ ಅವನು ನಿಂತಿದ್ದ. ಕೈಯಲ್ಲೊಂದು ನೀರಿನ ಚೀಲ, ಒಳಗೆ ಪುಟ್ಟ ಮೀನುಗಳು.

"ಅಲ್ಲೇ ಯಾಕೆ ನಿಂತ್ರಿ?"

"ಇಳೀರಿ ಅಂದಿದ್ರಿ. ಹತ್ತಿ ಅಂತ ಇನ್ನೂ ಹೇಳಿಲ್ವಲ್ಲ!"

ಅವಳ ಕಣ್ಣು ತುಂಬಿತು. "ನನ್ನ ಕಂಡ್ರೆ ನಿಮಗೆ ಬೇಜಾರಿಲ್ವಾ?"

"ನಾನೇನು ಸಾಚಾನಾ? ಬೈದ್ರಿ ಅಂತಲ್ಲ ನಾನು ಮತ್ತೆ ಬರದೇ ಇದ್ದಿದ್ದು... ಬಂದ್ರೆ, ಸೊಳ್ಳೆ ಬರೀ ನೆಪ ಅಂತ ನಿಮಗೆ ಗೊತ್ತಾಗಿಬಿಡತ್ತೆ ಅಂತ." ಅವನು ತಲೆ ತಗ್ಗಿಸಿದ. "ನನ್ನ ನಾಚಿಕೆಗೂ ಅಜ್ಜಿ ಆಸ್ಪತ್ರೇಲಿ ಮಲಗಬೇಕಾಯ್ತು."

ಅವಳು ಅವನ ಕೈಯ ಚೀಲದತ್ತ ನೋಡಿದಳು.

"ಮೀನು ಯಾಕೆ?"

"ಸೊಳ್ಳೆ ಮರಿ ತಿನ್ನತ್ವೆ. ಅಮ್ಮ ಬಂದ್ಮೇಲೆ ತಾವರೆ ಬೇಕಲ್ವಾ? ಆದ್ರೆ... ವಾರವಾರ ಬಂದು ನೋಡ್ಬೇಕಾಗತ್ತೆ."

"ಎಲ್ಲಿವರೆಗೆ?"

"ಮೀನಿನ ಮೊಮ್ಮಕ್ಕಳನ್ನ ನೋಡೋವರೆಗೆ?"

ಆ ಸಭೆಯ ಬಳಿಕ ಅವಳು ಮೊದಲ ಸಲ ಕಣ್ಣೆತ್ತಿ ಅವನನ್ನು ನೋಡಿದಳು.

"ಹತ್ತಿ ಬನ್ನಿ... ತೊಟ್ಟಿ ತುಂಬಿಸೋಣ."