ಮೆಶಿನ್ ಯಾರಿಗೆ?

ವೆಲ್ಡಿಂಗ್ ಮೆಶಿನ್ ಬೇಕೆಂದು ಕೇಳಿದ್ದು ರೈಹಾನಾಳ ಉಮ್ಮ. ಲೋಕಯ್ಯ ಉತ್ತರ ಕೊಟ್ಟದ್ದು ಉಬೈದ್ ಮಾಮನಿಗೆ.

ಬಂದರಿನ ಹಾರ್ಡ್‌ವೇರ್ ಅಂಗಡಿಯ ಸ್ಟೂಲಿನ ಮೇಲೆ ಕುಳಿತ ರೈಹಾನಾ ಇದನ್ನೇ ನೋಡುತ್ತಿದ್ದಳು. ಇದು ಐದನೆಯ ಸಲ.

"ನಮ್ಮದು ಸಿಂಗಲ್ ಫೇಸ್ ಕನೆಕ್ಷನ್," ಉಮ್ಮ ಮತ್ತೆ ಹೇಳಿದಳು. "ಸಂಜೆ ವೋಲ್ಟೇಜ್ ಇಳೀತದೆ. ಆಗಲೂ ನಡೆಯುವ ವೆಲ್ಡಿಂಗ್ ಮೆಶಿನ್ ಯಾವುದು ಉಂಟು?"

ಅಂಗಡಿಯ ಯಜಮಾನ ಲೋಕಯ್ಯ ಕನ್ನಡಕ ಸರಿಮಾಡಿಕೊಂಡು ಮಾಮನ ಕಡೆ ತಿರುಗಿದರು. "ಇದು ನೋಡಿ. ನಾನೂರು ಆಂಪ್ಸ್. ಇದರಲ್ಲಿ ಹಡಗನ್ನೂ ಜೋಡಿಸಬಹುದು."

ಮಾಮ ಗಂಭೀರವಾಗಿ ತಲೆಯಾಡಿಸಿದ. ಮನೆಯಂಗಳದಲ್ಲಿ ನಾಲ್ಕೈದು ಹಡಗು ಮುರಿದು ಬಿದ್ದಿವೆ ಎನ್ನುವ ಹಾಗೆ.

"ನಾನು ಮಾಡುವುದು ಗೇಟು, ಗ್ರಿಲ್ಲು, ಹೂಕುಂಡದ ಸ್ಟ್ಯಾಂಡು," ಎಂದಳು ಉಮ್ಮ. "ಮತ್ತೆ ಅದು ತ್ರೀ ಫೇಸ್ ಮೆಶಿನ್. ನಮ್ಮ ಮನೆಯಲ್ಲಿ ನಡೆಯುವುದಿಲ್ಲ."

"ಅಡ್ಜಸ್ಟ್ ಮಾಡ್ಬಹುದು," ಎಂದ ಮಾಮ.

ಉಬೈದ್ ಮಾಮ ಉಮ್ಮನ ತಮ್ಮ. ಅವನದು ಮೊಬೈಲ್ ಕವರ್ ಮಾರುವ ಅಂಗಡಿ. ವೆಲ್ಡಿಂಗ್ ಕಲಿತದ್ದು ನಿನ್ನೆ, ಮೂರು ವಿಡಿಯೋ ನೋಡಿ, ಅದೂ ಡಬಲ್ ಸ್ಪೀಡ್‌ನಲ್ಲಿ. ಉಮ್ಮ ಕಲಿತದ್ದು ಮೂರು ತಿಂಗಳ ಟ್ರೈನಿಂಗ್‌ನಲ್ಲಿ. ಇಪ್ಪತ್ತು ಗಂಡಸರ ಬ್ಯಾಚಿನಲ್ಲಿ ಅವಳೊಬ್ಬಳೇ ಹೆಂಗಸು. ಈಗ ಶಕ್ತಿನಗರದ ಮನೆಯ ಹಿಂದಿನ ಶೆಡ್ಡನ್ನು ಗುಡಿಸಿ, ಸ್ವಂತ ವರ್ಕ್‌ಶಾಪ್ ಮಾಡಲು ಹೊರಟಿದ್ದಳು.

ವಿದೇಶದಲ್ಲಿ, ದಮ್ಮಾಮಿನಲ್ಲಿ ದುಡಿಯುವ ಬಾಪ ಉಮ್ಮನಿಗೆ ಫೋನ್ ಮಾಡಿ, "ನಿನಗೆ ಬೇಕಾದ್ದನ್ನೇ ತೆಗೋ ಲೈಲಾ. ಆದ್ರೆ ಉಬೈದನನ್ನು ಕರ್ಕೊಂಡು ಹೋಗು. ಹೆಂಗಸರು ಒಬ್ಬರೇ ಹೋದ್ರೆ ಅಂಗಡಿಯವರು ಟೋಪಿ ಹಾಕ್ತಾರೆ" ಎಂದಿದ್ದರು. ಈಗ ಟೋಪಿ ಹಾಕಿಸಿಕೊಳ್ಳಲು ಮಾಮನೇ ತಲೆ ಬಗ್ಗಿಸಿ ನಿಂತಿದ್ದ.

"ಇನ್ನೂರು ಆಂಪ್ಸ್‌ನ ಇನ್ವರ್ಟರ್ ಮೆಶಿನ್ ಕೊಡಿ," ಎಂದಳು ಉಮ್ಮ. "ಚಿಕ್ಕದು. ಕಡಿಮೆ ವೋಲ್ಟೇಜಿಗೂ ನಡೆಯುವಂಥದ್ದು."

"ಕೊಡುವುದಾ?" ಲೋಕಯ್ಯ ಮಾಮನನ್ನು ಕೇಳಿದರು.

ಮಾಮ ಮುಖ ಸಣ್ಣ ಮಾಡಿ ಒಪ್ಪಿದ. "ಕಟ್ಟರ್ ಆದ್ರೂ ಪ್ಲಾಸ್ಮಾ ತೆಗೊಳ್ಳುವ ಅಕ್ಕ. ಕಬ್ಬಿಣ ಬೆಣ್ಣೆ ಹಾಗೆ ಕಟ್ ಆಗ್ತದೆ."

"ಅದಕ್ಕೆ ಗಾಳಿಯ ಕಂಪ್ರೆಸರ್ ಬೇರೆ ಬೇಕು. ಒಂದಿಂಚಿನ ಪೈಪ್ ಕತ್ತರಿಸಲಿಕ್ಕೆ ಕೈಯಲ್ಲಿ ಹಿಡಿಯುವ ಗ್ರೈಂಡರ್ ಸಾಕು."

ಆಗಲೇ ಶರೊನ್ ಅಂಗಡಿಯೊಳಗೆ ಬಂದಳು. ರೈಹಾನಾಳ ಕ್ಲಾಸಿನವಳು. ಅವಳ ಡ್ಯಾಡಿಗೆ ಪೇಂಟ್ ಬ್ರಷ್ ಬೇಕಿತ್ತು.

"ಏ, ನೀನು ಇಲ್ಲಿ ಎಂತ ಮಾಡ್ತೀ? ಈ ಮೆಶಿನ್ ಎಲ್ಲ ಯಾರಿಗೆ?"

ಕಳೆದ ವಾರ ಕ್ಲಾಸಿನಲ್ಲಿ ಒಬ್ಬ ಹುಡುಗ, ನನ್ನ ಅಮ್ಮ ಆಟೋ ಓಡಿಸ್ತಾರೆ ಎಂದಿದ್ದ. ಇಡೀ ಕ್ಲಾಸ್ "ಪೋಂ ಪೋಂ" ಎಂದು ನಕ್ಕಿತ್ತು. ರೈಹಾನಾಳೂ ನಕ್ಕಿದ್ದಳು.

"ಮಾಮನಿಗೆ," ಎಂದಳು ರೈಹಾನಾ.

ಉಮ್ಮ ಒಂದು ಕ್ಷಣ ಇತ್ತ ನೋಡಿದಳು. ಮತ್ತೆ ಗ್ರೈಂಡರಿನ ಕಡೆ ತಿರುಗಿದಳು.

"ಇದರ ಗಾರ್ಡ್ ಎಲ್ಲಿ? ಕಿಡಿ, ತುಂಡು ಕೈಗೆ ಹಾರದ ಹಾಗೆ ಒಂದು ಮುಚ್ಚಳ ಇರ್ಬೇಕಲ್ಲ?"

ಲೋಕಯ್ಯ ಮಾಮನನ್ನು ನೋಡಿ ನಕ್ಕರು. "ಅದನ್ನು ಎಲ್ಲರೂ ತೆಗೆದು ಬಿಸಾಡ್ತಾರೆ. ಇವರಿಗೆ ಸ್ವಲ್ಪ ಹೆದರಿಕೆ, ಅಲ್ವಾ?"

ಹಾಗೆ ಹೇಳುತ್ತಾ ಅವರು ಗ್ರೈಂಡರನ್ನು ಎತ್ತಿ ತೋರಿಸಿದರು. ಅವರ ಎಡಗೈಯ ತೋರುಬೆರಳು ಅರ್ಧವೇ ಇತ್ತು.

ಉಮ್ಮ ಆ ಬೆರಳನ್ನು ನೋಡಿದಳು. ರೈಹಾನಾ ನೋಡಿದಳು. ಕೊನೆಗೆ ಮಾಮನೂ ನೋಡಿ, ತನ್ನ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಲೋಕಯ್ಯ ಒಳಗೆ ಹೋಗಿ ಗಾರ್ಡ್ ಹುಡುಕಿ ತಂದರು. ಕಣ್ಣು ಕಾಯುವ ವೆಲ್ಡಿಂಗ್ ಹೆಲ್ಮೆಟ್ಟನ್ನೂ ಇಟ್ಟರು. ಆದರೆ ಅವರ ಮುಖ ಊದಿಕೊಂಡಿತ್ತು. ವಾರಂಟಿ ಕಾರ್ಡ್ ತೆಗೆದು, ಉಮ್ಮನನ್ನು ಕೇಳದೆ, ಮಾಮನ ಹೆಸರು ಕೇಳಿಕೊಂಡು "ಉಬೈದ್" ಎಂದು ಬರೆದರು.

"ಅಲ್ಲ. ನನ್ನ ಹೆಸರು ಬರೀರಿ. ಲೈಲಾ," ಎಂದಳು ಉಮ್ಮ.

"ಮಾಮನಿಗೆ ಅಂತ ನಿಮ್ಮ ಮಗಳೇ ಹೇಳಿದಳಲ್ಲ," ಲೋಕಯ್ಯ ಪೆನ್ನನ್ನು ಎತ್ತಲಿಲ್ಲ. "ಮಕ್ಕಳು ಸುಳ್ಳು ಹೇಳ್ತಾರಾ?"

ಎಲ್ಲರೂ ರೈಹಾನಾಳನ್ನು ನೋಡಿದರು. ಉಮ್ಮ ಮಾತ್ರ ನೋಡಲಿಲ್ಲ. ಹೆಲ್ಮೆಟ್ಟಿನ ಗಾಜನ್ನು ಶಾಲಿನ ತುದಿಯಿಂದ ಒರೆಸುತ್ತಿದ್ದಳು.

ಲೋಕಯ್ಯನ ಮೇಲೆ ರೈಹಾನಾಳಿಗೆ ಇಷ್ಟು ಹೊತ್ತು ಸಿಟ್ಟು ಬರುತ್ತಿತ್ತು. ಉಮ್ಮನ ಮಾತಿಗೆ ಮಾಮನಿಗೆ ಉತ್ತರ ಕೊಡುವ ಮನುಷ್ಯ. ಅವರಾದರೂ ಹೊರಗಿನವರು. ತಾನು ಮಗಳು.

"ಹೇಳ್ತಾರೆ," ಎಂದಳು ರೈಹಾನಾ. "ನಾನು ಸುಳ್ಳು ಹೇಳಿದೆ. ಮೆಶಿನ್ ಉಮ್ಮನಿಗೆ. ಮಾಮನಿಗೆ ವೆಲ್ಡಿಂಗ್ ಗೊತ್ತಿಲ್ಲ."

"ಸ್ವಲ್ಪ ಗೊತ್ತುಂಟು," ಎಂದ ಮಾಮ. ಯಾರೂ ಕೇಳಿಸಿಕೊಳ್ಳಲಿಲ್ಲ.

"ನಿನ್ನ ಅಮ್ಮ ವೆಲ್ಡಿಂಗ್ ಮಾಡ್ತಾರಾ?" ಶರೊನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ರೈಹಾನಾ ಹೆದರಿದ್ದು ಈ ನಗುವಿಗೇ. ಬಂತು, ಕಿವಿ ಬಿಸಿಯಾಯಿತು, ಮುಗಿಯಿತು. ಆಗ ಉಮ್ಮ ಆ ಕಡೆ ತಿರುಗಿದಾಗ ಆದಷ್ಟು ನೋವು ಇದರಿಂದ ಆಗಲಿಲ್ಲ.

"ಹೌದು. ಮಾಡ್ತಾರೆ," ಎಂದಳು.

ಲೋಕಯ್ಯ "ಉಬೈದ್" ಎಂಬುದಕ್ಕೆ ಅಡ್ಡಗೆರೆ ಎಳೆದರು. ಆಮೇಲೆ, ಆ ದಿನ ಮೊದಲ ಸಲ, ಉಮ್ಮನ ಮುಖ ನೋಡಿ ಕೇಳಿದರು, "ಫೋನ್ ನಂಬರ್ ಹೇಳಿ."

ಆಟೋದಲ್ಲಿ ಉಮ್ಮನ ಕಾಲ ಬಳಿ ಮೆಶಿನ್, ರೈಹಾನಾಳ ತೊಡೆಯ ಮೇಲೆ ಹೆಲ್ಮೆಟ್. ಮಾಮ ಮುಂದೆ ಡ್ರೈವರ್ ಪಕ್ಕ ತುರುಕಿಕೊಂಡು ಪ್ಲಾಸ್ಮಾ ಕಟ್ಟರಿನ ಕತೆ ಹೇಳುತ್ತಿದ್ದ.

"ಸಾರಿ ಉಮ್ಮ," ಎಂದಳು ರೈಹಾನಾ ಮೆಲ್ಲಗೆ.

"ಹೆಲ್ಮೆಟ್ ಗಟ್ಟಿ ಹಿಡಿ. ಮುಂದೆ ಹೊಂಡ ಉಂಟು," ಎಂದಳು ಉಮ್ಮ. ಆದರೆ ಅವಳ ಕೈ ಬಂದು ರೈಹಾನಾಳ ಕೈಯ ಮೇಲೆ ಕುಳಿತಿತು.

ನಂತೂರಿನಲ್ಲಿ ಲಾರಿಗಳ ಹಿಂದೆ ಆಟೋ ನಿಂತಿತು. ಡ್ರೈವರ್ ಮೆಶಿನ್ ಕಡೆ ಬಗ್ಗಿ ನೋಡಿ ಮಾಮನನ್ನು ಕೇಳಿದ, "ಹೊಸ ವರ್ಕ್‌ಶಾಪಾ? ನಿಮ್ಮದಾ?"

"ಹೌ..." ಎಂದು ಮಾಮ ಶುರುಮಾಡಿ ನಿಲ್ಲಿಸಿದ. ಕನ್ನಡಿಯಲ್ಲಿ ರೈಹಾನಾಳ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಅವನು ಕತ್ತು ಕೆರೆದುಕೊಂಡ. ಒಂದು ಬಸ್ಸು ದಾಟಿತು. ಎರಡು ಟ್ಯಾಂಕರ್ ದಾಟಿದವು.

"ಅಲ್ಲ," ಎಂದ ಕೊನೆಗೆ. "ಅಕ್ಕಂದು."

ಅಷ್ಟು ಚಿಕ್ಕ ಮಾತಿಗೆ ಇಷ್ಟು ಹೊತ್ತಾ ಎಂದು ನಗಲು ಹೊರಟ ರೈಹಾನಾ ನಗಲಿಲ್ಲ. ತನಗೂ ಅಷ್ಟೇ ಹೊತ್ತು ಹಿಡಿದಿತ್ತು.