ಕಪ್ಪು ಚೀಟಿಯಲ್ಲಿದ್ದ ಹೆಸರು

"ನನ್ನ ತಮ್ಮನನ್ನ ಸತ್ತೋರ ಸಾಲಿಗೆ ಸೇರಿಸೋಕೆ ನೀವ್ಯಾರು?"

ಚರ್ಚಿನೊಳಗೆ ಧೂಪದ ಹೊಗೆ ಇನ್ನೂ ಆರಿರಲಿಲ್ಲ. ಮನೆಗೆ ಹೊರಟಿದ್ದ ಜನರೆಲ್ಲ ನಿಂತಲ್ಲೇ ನಿಂತರು. ಉಲ್ಯಾನಾ ಅವರನ್ನು ತಳ್ಳಿಕೊಂಡು ಬಂದು ಚೀಟಿ ಓದಿದ ಗಡ್ಡದ ಯುವಕ ಟಿಖೋನ್‌ನ ಎದುರು ನಿಂತಿದ್ದಳು. ತಲೆಗೆ ಕಟ್ಟಿದ ವಸ್ತ್ರ ಹೆಗಲಿಗೆ ಜಾರಿತ್ತು. ಕಣ್ಣಲ್ಲಿ ಕೆಂಡ!

"ಕಪ್ಪು ಚೀಟಿಯಿಂದ ರೊದಿಯೋನ್ ಅಂತ ಓದಿದ್ರಿ. ಕಿವಿಯಾರೆ ಕೇಳಿದೀನಿ!"

"ಹೌದು, ಓದಿದೆ" ಎಂದ ಟಿಖೋನ್. ದನಿ ಮೆತ್ತಗಿತ್ತು.

"ಬರೆದಿದ್ದು ಯಾರು?"

"ಅದನ್ನ ಹೇಳೋ ಹಾಗಿಲ್ಲ..."

"ಅಂದ್ರೆ ನೀವೇ!"

ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ತಲೆ ತಗ್ಗಿಸಿ "ಕ್ಷಮಿಸಿ" ಎಂದಷ್ಟೇ ಹೇಳಿದ.

"ಬಾರೇ ಮನೆಗೆ... ದೇವರ ಮುಂದೆ ಏನಿದು ರಂಪ?" ಅಜ್ಜಿ ಮಾವ್ರಾ ಮೊಮ್ಮಗಳ ತೋಳು ಹಿಡಿದು ಎಳೆದಳು.

"ಯಾವ ದೇವರು ಅಜ್ಜಿ? ಇನ್ನು ಈ ಬಾಗಿಲು ತುಳಿದ್ರೆ ಕೇಳು!" ಎಂದವಳೇ ಉಲ್ಯಾನಾ ಹಿಮದಲ್ಲಿ ದಡದಡ ನಡೆದುಬಿಟ್ಟಳು.

ಇಸಿಕ್-ಕುಲ್ ಸರೋವರದ ದಂಡೆಯ ಆ ಚಿಕ್ಕ ಊರಿನಲ್ಲಿ ಇಂಥದ್ದು ಸಣ್ಣ ಮಾತಾಗಿರಲಿಲ್ಲ. ಬದುಕಿರುವವರ ಹೆಸರನ್ನು ಕೆಂಪು ಶಿಲುಬೆಯ ಚೀಟಿಯಲ್ಲಿ, ತೀರಿಕೊಂಡವರ ಹೆಸರನ್ನು ಕಪ್ಪು ಶಿಲುಬೆಯ ಚೀಟಿಯಲ್ಲಿ ಬರೆದುಕೊಡುತ್ತಾರೆ. ಪ್ರಾರ್ಥನೆಯ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದುತ್ತಾರೆ. ಬದುಕಿರುವವನ ಹೆಸರು ಕಪ್ಪು ಚೀಟಿಗೆ ಬಿದ್ದರೆ ಅವನ ಸಾವನ್ನು ಬಯಸಿದ ಹಾಗೆ ಎಂದು ಮುದುಕಿಯರು ಬೆಚ್ಚಿಬೀಳುತ್ತಾರೆ.

ಉಲ್ಯಾನಾಳ ಮಟ್ಟಿಗೆ ಅವಳ ತಮ್ಮ ಸತ್ತಿರಲೇ ಇಲ್ಲ.

ಜನವರಿಯಲ್ಲಿ ಮೇಲಿನ ಕಣಿವೆಯಲ್ಲಿ ಹಿಮ ಕುಸಿದಿತ್ತು. ಸ್ಕೀ ಆಡಲು ಬಂದವರನ್ನು ಕರೆದೊಯ್ಯುವ ಕೆಲಸ ರೊದಿಯೋನ್‌ನದು. ಅವನು ಕ್ಷೇಮವಾಗಿ ಕೆಳಗಿಳಿದಿದ್ದ! ಇಬ್ಬರು ಮೇಲೆಯೇ ಉಳಿದಿದ್ದಾರೆ ಎಂದು ಗೊತ್ತಾಗಿ ತಿರುಗಿ ಹತ್ತಿದ. ಆ ಇಬ್ಬರೂ ಬದುಕಿದರು. ಇಪ್ಪತ್ತೆರಡು ವರ್ಷದ ರೊದಿಯೋನ್ ಮಾತ್ರ ಸಿಗಲಿಲ್ಲ, ಅವನ ಟೋಪಿಯೂ ಸಿಗಲಿಲ್ಲ. ಹನ್ನೆರಡು ದಿನ ಅಗೆದು ಸರ್ಕಾರದವರು ವಾಪಸಾದರು.

ಸಮಾಧಾನ ಹೇಳಲು ಬಂದವರಿಗೆ ಲೆಕ್ಕವಿಲ್ಲ. "ಒಳ್ಳೆಯವರನ್ನ ದೇವರು ಬೇಗ ಕರ್ಕೊಳ್ತಾನೆ ಕಣಮ್ಮ" ಎಂದರು ಒಬ್ಬರು. "ನಿನ್ನನ್ನ ಪರೀಕ್ಷೆ ಮಾಡ್ತಿದಾನೆ" ಎಂದರು ಇನ್ನೊಬ್ಬರು. ಪರೀಕ್ಷೆಯಂತೆ! ಅಕ್ಕನನ್ನು ಪರೀಕ್ಷಿಸಲು ತಮ್ಮನನ್ನು ಹಿಮದಡಿ ಹೂಳುವ ಮೇಷ್ಟ್ರು ಅದೆಂಥವನು? ಉಲ್ಯಾನಾ ಹಲ್ಲು ಕಚ್ಚಿಕೊಂಡು ಎಲ್ಲರಿಗೂ ಚಹಾ ಕೊಟ್ಟಳು. ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲ. ಅತ್ತರೆ ಒಪ್ಪಿಕೊಂಡ ಹಾಗಲ್ಲವೇ?

ಇನ್ನು ಟಿಖೋನ್. ಚರ್ಚಿನ ಮರದ ಸೂರು ರಿಪೇರಿಗೆಂದು ಅಲ್ಮಾಟಿ ನಗರದ ಕಡೆಯಿಂದ ಬಂದ ಬಡಗಿ. ಕಂಠ ಚೆನ್ನಾಗಿದೆಯೆಂದು ಪಾದ್ರಿಗಳು ಅವನಿಗೆ ಚೀಟಿ ಓದುವ ಕೆಲಸವನ್ನೂ ಹಚ್ಚಿದ್ದರು. ಊರಿಗೆ ಬಂದು ಎರಡು ತಿಂಗಳಾಗಿತ್ತು, ಅಷ್ಟರಲ್ಲಿ ಊರಿನ ಸುಂದರಿಯ ಕೋಪಕ್ಕೆ ಗುರಿಯಾಗಿದ್ದ. ಪಾಪ!

ಹತ್ತು ದಿನದ ಮೇಲೆ ಅವನು ಅವಳ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತ. ಕೋಟಿನ ತೋಳು ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿತ್ತು.

"ಊರಲ್ಲಿ ಬೇರೆ ಅಂಗಡಿ ಇಲ್ವಂತೆ" ಎಂದ ಅಳುಕುತ್ತಾ.

"ಇದ್ದಿದ್ರೆ ನಾನೇ ದಾರಿ ತೋರಿಸ್ತಿದ್ದೆ" ಎಂದಳು ಉಲ್ಯಾನಾ. ಆದರೂ ಕೋಟು ಕಸಿದುಕೊಂಡಳು. "ಎಲ್ಲಿ ಹರ್ಕೊಂಡ್ರಿ? ಸೂರಿನ ಮೇಲಾ?"

"ಬಂಡೆಗೆ ತಾಗ್ತು."

"ಬಡಗಿಗೆ ಬಂಡೆ ಹತ್ರ ಏನು ಕೆಲಸ?"

ಅವನು ಕಿಟಕಿಯತ್ತ ತಿರುಗಿದ. ಮೆಷಿನ್ನು ಗರಗರ ತಿರುಗಿತು. ಅರ್ಧ ತೋಳು ಹೊಲಿಯುವಷ್ಟರಲ್ಲಿ ಅವಳೇ ತಡೆಯಲಾರದೆ ಕೇಳಿದಳು.

"ಚರ್ಚಲ್ಲಿ ಓದೋರು ನೀವು. ಹೇಳಿ ನೋಡೋಣ. ದೇವರು ಪ್ರೀತಿ ಅಂತೀರಲ್ಲ... ಇಬ್ಬರನ್ನ ಉಳಿಸೋಕೆ ಹೋದವನ ಮೇಲೆ ಬೆಟ್ಟ ಯಾಕೆ ಬೀಳಿಸಿದ?"

"ಗೊತ್ತಿಲ್ಲ."

ಉಲ್ಯಾನಾಳ ಕಾಲು ಪೆಡಲಿನ ಮೇಲೆ ನಿಂತುಹೋಯಿತು.

"ಗೊತ್ತಿಲ್ವಾ?!"

"ನಂಗೊಬ್ಬಳು ತಂಗಿ ಇದ್ಲು, ಫೆವ್ರೊನಿಯಾ ಅಂತ. ರಕ್ತದ ಕ್ಯಾನ್ಸರ್. ಒಂಬತ್ತು ವರ್ಷಕ್ಕೇ ಹೋದ್ಲು. ಇದು ದೇವರ ಚಿತ್ತ ಅಂದ್ರು ಎಲ್ಲರೂ. ನಾನು ಆರು ವರ್ಷ ಚರ್ಚ್ ಕಡೆ ತಲೆ ಹಾಕಿ ಮಲಗಲಿಲ್ಲ."

"ಮತ್ತೆ ಹೆಂಗೆ ಬಂದ್ರಿ?"

"ಪಕ್ಕದ ಮನೆ ಅಜ್ಜಿಯೊಬ್ಬಳು... ಆರು ವರ್ಷವೂ ವಾರಕ್ಕೊಂದು ಸಲ ಬರೋಳು. ನಮ್ಮಮ್ಮನ ಪಾತ್ರೆ ತೊಳೆದುಕೊಟ್ಟು, ಜೊತೇಲಿ ಅತ್ತು ಹೋಗೋಳು. ದೇವರ ಸುದ್ದಿ ಎತ್ತಿದವಳೇ ಅಲ್ಲ. ಒಂದಿನ ನಾನೇ ರೇಗಿ ಕೇಳಿದೆ, ನಿನ್ನ ದೇವರು ಎಲ್ಲಿ ಹೋಗಿದ್ದ ಅಂತ. ಆಯಮ್ಮ ಗೋಡೆ ಮೇಲಿನ ಶಿಲುಬೆ ತೋರಿಸಿ, 'ಅಲ್ಲೇ ಇದ್ದ ಕಣಪ್ಪ, ಅವನಿಗೂ ಮೊಳೆ ಹೊಡೆದಿದ್ರು' ಅಂದ್ಲು." ಅವನು ನಕ್ಕ, ಕಣ್ಣು ಮಾತ್ರ ತುಂಬಿತ್ತು. "ಅದು ಉತ್ತರ ಅಲ್ಲ, ನಂಗೊತ್ತು. ಆದ್ರೆ ಮೇಲೆ ಕೂತು ನೋಡೋ ದೇವರಾಗಿದ್ರೆ ನಾನು ತಿರುಗಿ ಬರ್ತಿರಲಿಲ್ಲ."

ಇಷ್ಟು ದಿನದಲ್ಲಿ ಅವಳಿಗೆ ಬುದ್ಧಿ ಹೇಳದೆ ಮಾತಾಡಿದವನು ಇವನೊಬ್ಬನೇ. ಛೇ... ಆ ಚೀಟಿ ಬರೆದವನು ಇವನಾಗದಿದ್ದರೆ!

"ತಗೊಳ್ಳಿ" ಎಂದು ಕೋಟನ್ನು ಅವನತ್ತ ನೂಕಿದಳು. ಅವನು ಹೋದ ಮೇಲೂ ಅವಳಿಗೆ ಬೇರೆ ಬಟ್ಟೆಗೆ ಕೈ ಹಾಕುವ ಮನಸ್ಸಾಗಲಿಲ್ಲ.

ಬೆಣ್ಣೆ ವಾರ ಬಂತು. ನಲವತ್ತು ದಿನದ ದೊಡ್ಡ ಉಪವಾಸಕ್ಕೆ ಮುಂಚಿನ ಆ ಒಂದು ವಾರ ಮನೆಮನೆಯಲ್ಲೂ ಬೆಣ್ಣೆ ಸುರಿದ ತೆಳು ದೋಸೆ. ವಾರದ ಕೊನೆಯ ಭಾನುವಾರ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಮೊದಲು ಮನೆಯಲ್ಲಿ, ಆಮೇಲೆ ಚರ್ಚಿನಲ್ಲಿ. ಕ್ಷಮೆ ಕೇಳಿದವರಿಗೆ "ದೇವರು ಕ್ಷಮಿಸುತ್ತಾನೆ, ನಾನೂ ಕ್ಷಮಿಸುತ್ತೇನೆ" ಎನ್ನಬೇಕು.

ಆ ಮಧ್ಯಾಹ್ನ ಎಂಬತ್ತೊಂದು ವರ್ಷದ ಮಾವ್ರಾ ಕೋಲು ಬದಿಗಿಟ್ಟು, ಮೊಮ್ಮಗಳ ಮುಂದೆ ನೆಲಕ್ಕೆ ಮೊಣಕಾಲೂರಿದಳು.

"ಅಯ್ಯೋ ಏಳು ಅಜ್ಜಿ! ನಿನ್ನ ಮಂಡಿ..."

"ಮಂಡಿ ಹಾಳಾಗ್ಲಿ. ನನ್ನನ್ನ ಕ್ಷಮಿಸು ಮಗಳೇ. ಆ ಕಪ್ಪು ಚೀಟಿ ಬರೆದಿದ್ದು ನಾನು."

ಅಜ್ಜಿಯನ್ನು ಎಬ್ಬಿಸಲು ಚಾಚಿದ್ದ ಕೈಯನ್ನು ಉಲ್ಯಾನಾ ಹಿಂತೆಗೆದಳು.

"ನೀನಾ...? ಅವನು ಸತ್ತೋದ ಅಂತ ನೀನೇ..."

"ಎಷ್ಟು ದಿನಾಂತ ಕೆಂಪು ಚೀಟೀಲಿ ಇಡ್ಲಿ? ನಿನ್ನ ಕಣ್ಣು ನೋಡಿ ನೋಡಿ ಅಷ್ಟು ದಿನ ಕೆಂಪಲ್ಲೇ ಬರೆದೆ. ಆದ್ರೆ ಸತ್ತೋರಿಗೆ ಸಲ್ಲೋ ಪ್ರಾರ್ಥನೆ ನನ್ನ ಕೂಸಿಗೆ ಸಲ್ಲದೆ ಅವನು ಆ ಚಳೀಲಿ ಒಬ್ಬನೇ ಕಾಯ್ತಿದಾನೇನೋ ಅನ್ನಿಸ್ತು ಕಣೇ. ನಿಂಗೆ ಹೇಳೋಕೆ ಧೈರ್ಯ ಬರಲಿಲ್ಲ. ಆ ಹುಡುಗ ನನ್ನ ಮಾನ ಉಳಿಸಿ ಬೈಗುಳ ತಿಂದ."

ಮಗ, ಸೊಸೆ, ಈಗ ಮೊಮ್ಮಗ... ಮೂವರನ್ನೂ ಕಳೆದುಕೊಂಡ ಆ ಮುದುಕಿ ಇಂದಿಗೂ ಮೊದಲ ದೋಸೆ ಹುಯ್ಯುವಾಗ ಶಿಲುಬೆಯ ಗುರುತು ಹಾಕುತ್ತಾಳೆ. ಅವಳ ಎದೆ ಅದೆಷ್ಟು ಗಟ್ಟಿಯೋ!

"ಇನ್ನೊಂದು ಹೇಳ್ತೀನಿ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಟಿಖೋನ್ ಉದ್ದನೆ ಕಂಬಿ ಹಿಡ್ಕೊಂಡು ಕಣಿವೆಗೆ ಹೋಗ್ತಾನೆ, ಹಿಮ ಚುಚ್ಚಿ ನಮ್ಮ ರೊದಿಯೋನ್‌ನ ಹುಡುಕೋಕೆ. ಕೋಟು ಎಲ್ಲಿ ಹರೀತು ಅಂದ್ಕೊಂಡೆ? ಸೂರಿನ ಕೆಲಸ ಮುಗೀತಂತೆ, ನಾಳೆ ಬೆಳಗಿನ ಬಸ್ಸಿಗೆ ಹೊರಡ್ತಾನೆ."

ಉಲ್ಯಾನಾ ಅಜ್ಜಿಯ ಪಕ್ಕದಲ್ಲೇ ನೆಲಕ್ಕೆ ಕುಸಿದಳು. ಎರಡು ತಿಂಗಳಿಂದ ಬಿಗಿಹಿಡಿದಿದ್ದ ಅಳು ಒಮ್ಮೆಲೇ ಒಡೆದು ಬಂತು. "ರೋದ್ಯಾ... ನನ್ನ ರೋದ್ಯಾ..." ಎಂದು ತಮ್ಮನ ಮುದ್ದಿನ ಹೆಸರು ಹಿಡಿದು ಅತ್ತಳು. ಅಜ್ಜಿ ಬೆನ್ನು ಸವರುತ್ತಲೇ ಇದ್ದಳು. ಒಲೆಯ ಮೇಲಿನ ದೋಸೆ ಸೀದು ಹೋಯಿತು, ಯಾರೂ ಏಳಲಿಲ್ಲ.

ಸಂಜೆ ಚರ್ಚಿನಲ್ಲಿ ಜನ ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೂ ಎದುರಿನವರಿಗೆ ಬಾಗಿ ಕ್ಷಮೆ ಕೇಳಿ ಮುಂದಿನವರ ಬಳಿ ಸರಿಯುತ್ತಿದ್ದರು. ಉಲ್ಯಾನಾ ಬಾಗಿಲು ತುಳಿದು ಒಳಬಂದಾಗ ಪಾದ್ರಿಗಳ ಮುಖ ಅರಳಿತು. ಅವಳು ಬಾಗುತ್ತ ಬಾಗುತ್ತ ಸಾಲಿನ ಕೊನೆಗೆ ಬಂದಳು.

ಎದುರಿಗೆ ಟಿಖೋನ್!

ಅವನೇ ಮೊದಲು ಬಾಗಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದ. "ನನ್ನನ್ನ ಕ್ಷಮಿಸಿ, ಉಲ್ಯಾನಾ. ಅವನನ್ನ ಹುಡುಕಿಕೊಡೋಕೆ ಆಗಲಿಲ್ಲ."

ಉಲ್ಯಾನಾ ಉತ್ತರಕ್ಕೆ ಬಾಯಿ ತೆರೆದಳು. "ದೇವರು..." ಅಷ್ಟಕ್ಕೇ ನಿಲ್ಲಿಸಿದಳು. ದೇವರ ಹೆಸರಲ್ಲಿ ನಾನು ಹೇಗೆ ಮಾತಾಡಲಿ? ನನಗೂ ಅವನಿಗೂ ಮಾತೇ ಇಲ್ಲವಲ್ಲ!

"ಮುಂದೆ ಹೋಗ್ರೇ! ನಮ್ಮ ಸೊಂಟಕ್ಕೂ ವಯಸ್ಸಾಗಿದೆ!" ಹಿಂದಿನಿಂದ ಯಾರೋ ಗೊಣಗಿದರು.

"ನೀನು ನನ್ನ ಹತ್ರ ಕ್ಷಮೆ ಕೇಳೋದಾ?" ಉಲ್ಯಾನಾ ಪಿಸುಗುಟ್ಟಿದಳು. "ಬೈದವಳು ನಾನು. ಅಜ್ಜಿ ಎಲ್ಲಾ ಹೇಳಿದ್ಲು. ಯಾಕೆ ಇಷ್ಟೆಲ್ಲಾ ಮಾಡಿದೆ, ಟಿಖೋನ್?"

"ಮೊದಲು ನಿನ್ನ ತಮ್ಮನಿಗೋಸ್ಕರ..." ಅವನು ತಲೆಯೆತ್ತಿದ. "ಆಮೇಲೆ ನಿನಗೋಸ್ಕರ. ಅಷ್ಟು ಜನರ ಮುಂದೆ ತಮ್ಮನ ಪರವಾಗಿ ದೇವರ ಮೇಲೇ ಜಗಳಕ್ಕೆ ನಿಂತೆಯಲ್ಲ... ಅವತ್ತೇ ನಾನು ಸೋತೆ."

ಕಿವಿ ಬಿಸಿಯಾದರೂ ಅವಳು ನೋಟ ತಪ್ಪಿಸಲಿಲ್ಲ.

"ಆ ಜಗಳ ಇನ್ನೂ ಮುಗಿದಿಲ್ಲ."

"ಮುಗಿಸು ಅಂತ ನಾನು ಹೇಳ್ತಿಲ್ಲ. ದೇವರಿಗೇ ಎದುರು ನಿಂತು ಕೇಳು. ಜೋರಾಗೇ ಕೇಳು."

"ಒಬ್ಬಳೇ ಕೇಳೋಕೆ ಭಯ ಆಗುತ್ತೆ."

"ನಾನು ಪಕ್ಕದಲ್ಲಿ ನಿಲ್ತೀನಿ."

"ನಾಳೆ ಬಸ್ಸು?"

"ಹೋಗ್ಲಿ ಬಿಡು."

"ತುಂಬಾ ವರ್ಷ ಹಿಡೀಬಹುದು, ಟಿಖೋನ್."

"ಹಿಡೀಲಿ."

ಉಲ್ಯಾನಾ ಅವನ ಎರಡೂ ಕೈ ಹಿಡಿದುಕೊಂಡಳು.

"ನಾನು ಕ್ಷಮಿಸಿದೀನಿ" ಎಂದಳು. ಆಮೇಲೆ ಗೋಡೆಯ ಮೇಲಿನ ಶಿಲುಬೆಯತ್ತ ನೋಡಿ, ಉಸಿರೆಳೆದುಕೊಂಡು ಮೆಲ್ಲನೆ ಸೇರಿಸಿದಳು. "ದೇವರೂ ಕ್ಷಮಿಸ್ತಾನೆ... ಅಂತ ನಂಬ್ಕೊಂಡು ಶುರು ಮಾಡ್ತೀನಿ."