ಮುಟ್ಟದೆ ಬಿಟ್ಟ ಸಜ್ಜಿಗೆ

೧೯೫೮ನೇ ಇಸವಿ ಜನವರಿ ಹದಿನೆಂಟು, ಶನಿವಾರ, ಮಧ್ಯಾಹ್ನ ಮೂರೂವರೆ ಗಂಟೆ. ತುಮಕೂರಿನ ನಜೀರ್ ಅಹಮದ್ ಸಾಬರ ಫ್ರೆಂಚ್ ಮಿಠಾಯಿ ಅಂಗಡಿಯ ಮೆಟ್ಟಿಲು ಹತ್ತಿದ ಕೌಸಲ್ಯ ಅಲ್ಲೇ ನಿಂತುಬಿಟ್ಟಳು. ಗಾಜಿನ ಭರಣಿಗಳ ಮುಂದೆ ಜಯರಾಮ ನಿಂತಿದ್ದ.

ತಿಂಗಳ ಹಿಂದೆ ಗುಬ್ಬಿಗೆ ಬಂದು ಅವಳನ್ನು ನೋಡಿಕೊಂಡು ಹೋದವನು. ಅವಳು ಕೈಯಾರೆ ಮಾಡಿದ ಸಜ್ಜಿಗೆಯನ್ನು ಮುಟ್ಟದೆ ಬಿಟ್ಟವನು. ಹೆಣ್ಣು ನೋಡಲು ಬಂದವರು ಸಿಹಿ ಮುಟ್ಟಲಿಲ್ಲವೆಂದರೆ ಒಪ್ಪಿಗೆಯಿಲ್ಲ ಎಂದೇ ಲೆಕ್ಕ. ಅವರು ಬೇಡವೆನ್ನುವ ಮೊದಲೇ ಮರ್ಯಾದೆ ಉಳಿಸಿಕೊಳ್ಳೋಣವೆಂದು ಅಪ್ಪ ‘ಜಾತಕ ಕೂಡಲಿಲ್ಲ’ ಎಂದು ಹೇಳಿಕಳಿಸಿದ್ದರು. ನಾಳೆ ಹುಲಿಯೂರುದುರ್ಗದ ಗಂಡಿನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಅವರಿಗೆಂದೇ ಅವಳು ಮಿಠಾಯಿ ಕೊಳ್ಳಲು ಬಂದದ್ದು.

ಪಾಂಡಿಚೇರಿಯ ಫ್ರೆಂಚ್ ದೊರೆಯೊಬ್ಬನ ಬಳಿ ಪಾಕ ಕಲಿತ ಸಾಬರ ತಾತ ತೆರೆದ ಅಂಗಡಿ ಅದು. ಅರವತ್ತು ವರ್ಷಗಳ ಸಕ್ಕರೆಯ ಘಮ ಮರದ ಕಪಾಟುಗಳಿಗೇ ಹಿಡಿದಿತ್ತು.

“ಸಾಬ್ರೇ, ಈ ಹಳದಿ ಮಿಠಾಯೀಗೆ ಬಾಳೆಹಣ್ಣು ಹಾಕ್ತೀರಾ?” ಜಯರಾಮ ಕೇಳುತ್ತಿದ್ದ.

“ಇಲ್ಲ ಸ್ವಾಮಿ, ಅದು ನಿಂಬೆಹಣ್ಣು. ಯಾಕೆ, ಬಾಳೆಹಣ್ಣು ಅಂದ್ರೆ ಅಷ್ಟು ಆಸೆನಾ?”

“ಆಸೆ ಇತ್ತು. ತಾತನ ಅಸ್ಥಿ ಬಿಡೋಕೆ ಕಾಶಿಗೆ ಹೋದಾಗ ಅದನ್ನೇ ಬಿಟ್ಟು ಬಂದೆ. ಅಲ್ಲಿ ಇಷ್ಟವಾದ್ದನ್ನೇ ಬಿಡಬೇಕಲ್ಲ.”

ಕೌಸಲ್ಯ ಮೆಟ್ಟಿಲಿನಿಂದ ಅಂಗಡಿಯೊಳಕ್ಕೆ ಬಂದಳು. ಅಂದಿನ ಸಜ್ಜಿಗೆಗೆ ಚೆನ್ನಾಗಿ ಕಳಿತ ರಸಬಾಳೆಯನ್ನು ಹಿಚುಕಿ ಹಾಕಿದ್ದವಳು ಅವಳೇ.

“ಅದನ್ನ ಅವತ್ತೇ ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?”

ಅವನು ತಿರುಗಿದ. ಕಿವಿಯ ತುದಿ ಕೆಂಪಾಯಿತು.

“ಎಲ್ಲರೂ ನನ್ನೇ ನೋಡ್ತಿದ್ರು... ನಾಚಿಕೆ ಆಯ್ತು. ಕಾಫಿ ಪೂರ್ತಿ ಕುಡಿದೆನಲ್ಲ?”

“ಕಾಫಿ ಎಲ್ಲರ ಮನೇಲೂ ಕುಡೀತಾರೆ ರೀ.”

“ಮತ್ತೆ, ಜಾತಕ ಕೂಡಲಿಲ್ಲ ಅಂದ್ರಲ್ಲ?”

“ಜಾತಕ ಯಾರು ನೋಡಿದ್ರು? ಅಪ್ಪ ನಿಮ್ಮ ತಟ್ಟೆ ನೋಡಿದ್ರು.”

ಸಾಬರು ನಗು ತಡೆಯಲಾರದೆ ಕಪಾಟಿನ ಕಡೆ ಮುಖ ತಿರುಗಿಸಿ ಭರಣಿ ಒರೆಸತೊಡಗಿದರು.

ಜಯರಾಮ ತಗ್ಗಿದ ದನಿಯಲ್ಲಿ ಹೇಳಿದ: “ಒಳಗೆ ಹೋಗ್ತಾ ಒಂದ್ಸಲ ತಿರುಗಿ ನೋಡಿದ್ರಿ ನೀವು. ಅವತ್ತಿಂದ ಬೇರೆ ಯಾವ ಹೆಣ್ಣು ನೋಡೋಕೂ ನಾನು ಹೋಗಿಲ್ಲ.”

ಅವಳ ರೆಪ್ಪೆಗಳು ತಾವಾಗಿ ಇಳಿದವು. ಕೈ ಮಾತ್ರ ಭರಣಿಯೊಳಗೆ ಹೋಗಿ ಒಂದು ಹಳದಿ ಮಿಠಾಯಿ ತೆಗೆದು ಅವನ ಅಂಗೈಯಲ್ಲಿಟ್ಟಿತು.

“ತಿನ್ನಿ ನೋಡೋಣ. ಸಾಬ್ರು ಸಾಕ್ಷಿ.”

ಅವಳನ್ನೇ ನೋಡುತ್ತ ಅವನು ಬಾಯಿಗೆ ಹಾಕಿಕೊಂಡ.

“ನಾಲ್ಕೂವರೆಗೆ ಗುಬ್ಬಿ ಬಸ್ಸಿದೆ,” ಎಂದಳು ಅವಳು. “ನಾಳೆ ಹುಲಿಯೂರುದುರ್ಗದ ಗಂಡಿನ ಕಡೆಯವರು ಮಾತು ಮುಗಿಸೋಕೆ ಬರ್ತಾರೆ. ಅಪ್ಪ ಈಗ ಮನೇಲಿರ್ತಾರೆ. ಅದಕ್ಕೆ ಮೊದಲೇ ನೀವೇ ಬಂದು ಹೇಳಬೇಕು. ಬರ್ತೀರಾ?”

“ಸಾಬ್ರೇ, ಅರ್ಧ ಸೇರು ಕಟ್ಟಿ,” ಎಂದ ಜಯರಾಮ.

“ಯಾರಿಗೆ, ಹುಲಿಯೂರುದುರ್ಗದವರಿಗಾ?” ಸಾಬರು ಕೇಳಿದರು.

“ಅವರಿಗ್ಯಾಕೆ? ಮಾವನವರಿಗೆ!”

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕುಳಿತಳು, ಅವನು ಎದುರು ಸಾಲಿನ ಅಂಚಿನಲ್ಲಿ. ನಡುವಿನ ಜಾಗ ಒಂದೂವರೆ ಅಡಿ.